ಮೈಲಾರವ್ವ ಮತ್ತು ಕುರಿದಿಬ್ಬದ ಗೇಟು

ಮೈಲಾರವ್ವನ ಮುತ್ತಜ್ಜ ಮಾಳಪ್ಪ. ಪ್ಲೇಗು ಬಂದು ಊರುಗಳು ಬಾಗಿಲು ಜಡಿದುಕೊಂಡ ಕಾಲದಲ್ಲಿ, ಹೊರುವವರಿಲ್ಲದೆ ಬಿದ್ದ ಹೆಣಗಳನ್ನು ತನ್ನ ಕಂಬಳಿಗಳಲ್ಲಿ ಸುತ್ತಿ ಮಣ್ಣು ಮಾಡಿದವನು. ಕೊನೆಯ ಕಂಬಳಿಯನ್ನೂ ಹೆಣಕ್ಕೆ ಹೊದಿಸಿ, ಆ ಚಳಿಗಾಲವನ್ನು ಕುರಿಗಳ ನಡುವೆ ಮಲಗಿ ಕಳೆದನಂತೆ. ಅಜ್ಜ ರೇವಪ್ಪ. ನಮ್ಮೂರ ಕೆರೆಯ ಒಡ್ಡು ಬಿರಿದು ಊರವರು ಹೌಹಾರಿ ನಿಂತಾಗ, ಹೊಸದಾಗಿ ಸುರಿದ ಮಣ್ಣಿನ ಮೇಲೆ ತನ್ನ ಇಡೀ ಹಿಂಡನ್ನು ಹತ್ತಿಸಿ, ಹಿಂದಕ್ಕೂ ಮುಂದಕ್ಕೂ ಓಡಾಡಿಸಿ, ಕುರಿಯ ಗೊರಸಿನಿಂದಲೇ ಮಣ್ಣು ಗಟ್ಟಿ ಮಾಡಿಸಿದವನು. ಆ ಒಡ್ಡು ಇಂದಿಗೂ ನಿಂತಿದೆ. ಅಜ್ಜಿ ದುರ್ಗವ್ವ ಕೂಸಿಗೆ ಹಾಲು ಕೊಡುತ್ತ ಕುಳಿತಲ್ಲಿಗೆ ತೋಳ ಬಂದಾಗ, ಕೂಸನ್ನು ಕೆಳಗಿಡದೆ ಕುಡಗೋಲು ಬೀಸಿ ಅದನ್ನು ಅಟ್ಟಿದವಳು. ಅಪ್ಪ ಹಾಲಪ್ಪ. ಬೆಂಕಿ ಬಿದ್ದು ನಮ್ಮೂರ ಬಣವೆಗಳೆಲ್ಲ ಬೂದಿಯಾದ ವರ್ಷ, ಒಂದು ಕಾಳು ಜೋಳ ಕೇಳದೆ ಹೊಲಹೊಲಕ್ಕೂ ಕುರಿ ತರುಬಿ ಹೋದವನು. ಸುಗ್ಗಿಯಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸುವುದಕ್ಕೆ ನಮ್ಮಲ್ಲಿ ಕುರಿ ತರುಬುವುದು ಎನ್ನುತ್ತಾರೆ. ಮರುವರ್ಷ ಬೆಳೆ ಎದೆಮಟ್ಟ ಬಂದಾಗ ಊರ ಹಿರಿಯರು ಹಾಲಪ್ಪನನ್ನು ಕೂರಿಸಿಕೊಂಡು ಹೇಳಿದರು: "ನಿನ್ನ ಋಣಾ ನಾವು ಹರಿಯಾಕ ಆಗಂಗಿಲ್ಲಪಾ. ಇನ್ನ ಮ್ಯಾಲೆ ನಿನ್ನ ಮಗಳು ನಮ್ಮೂರ ಮಗಳು."

ಅಂಥ ಮನೆತನದ ಹೆಣ್ಣುಮಗಳನ್ನು ಭಿಕ್ಷೆ ಬೇಡುವವಳಂತೆ ಫೋಟೋ ತೆಗೆದು, ಆಳೆತ್ತರದ ಹಲಗೆಯ ಮೇಲೆ ಹಚ್ಚಿ, ಹೋಗಿಬರುವ ಲಾರಿಗಳ ಧೂಳಿಗೆ ನಿಲ್ಲಿಸಿದರು. 

ಅವಳು ಹುಟ್ಟಿದ್ದು ಕಲಘಟಗಿ ಕಡೆಯ ಒಂದು ಭತ್ತದ ಗದ್ದೆಯ ಬದುವಿನ ಮೇಲೆ. ಕೊಟ್ಟದ್ದು ಕುಂದಗೋಳ ತಾಲೂಕಿನ ಕುಬಿಹಾಳಕ್ಕೆ. ಗಂಡ ಬೀರಲಿಂಗಪ್ಪ ಮಾತಿಗೆ ಬಹಳ ಬಡವ. ಅವನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸುತ್ತಾಳೆ. ಮಗ ಬೀರೇಶ ಹಿಂಡಿನ ಮುಂದೆ, ಗಂಡ ಹಿಂದೆ, ಇವಳು ಸಾಮಾನು ಹೇರಿದ ಕುದುರೆಯ ಪಕ್ಕ. ಯಾವ ಊರಿನಲ್ಲಿ ಯಾರ ಹೊಲದಲ್ಲಿ ತರುಬಬೇಕು, ಎಷ್ಟು ಜೋಳ ಕೇಳಬೇಕು ಎಂಬುದೆಲ್ಲ ಅವಳ ನಾಲಿಗೆಯ ಮೇಲೆ. ದೇವರಂಥ ಹೆಂಗಸು ಎಂದು ನಾನು ಬರೆಯುವುದಿಲ್ಲ. ಹಲ್ಲುದುರಿದ ಕುರಿಯನ್ನು ಹರೆಯದ್ದೆಂದು ಮಾರಲು ನೋಡುತ್ತಾಳೆ. ಸೊಸೆ ಬಡಿದ ರೊಟ್ಟಿಯನ್ನು ಒಂದು ದಿನವಾದರೂ ಮೆಚ್ಚಿದವಳಲ್ಲ. ತಂಬಾಕು ಉಗುಳುವಾಗ ಎದುರಿಗಿರುವವರ ಕಾಲು ನೋಡುವುದಿಲ್ಲ. ಆದರೆ ಉಂಡ ಮನೆಯ ಗಳ ಎಣಿಸಿದವಳಲ್ಲ, ಕೇಳದೆ ಒಬ್ಬರ ಹೊಲದ ಕಡ್ಡಿ ಮುರಿದವಳಲ್ಲ.

ಭತ್ತ ಕೊಯ್ದ ಮೇಲೆ ಕಲಘಟಗಿ ಕಡೆ, ಸಂಕ್ರಾಂತಿ ಹೊತ್ತಿಗೆ ಕುಂದಗೋಳ. ಜೋಳ, ಕಡಲೆ ಕಿತ್ತ ಮೇಲೆ ಅಣ್ಣಿಗೇರಿ ದಾಟಿ, ನಮ್ಮೂರ ಮೇಲೆ ಹಾದು ನವಲಗುಂದದ ಕರಿ ಮಣ್ಣಿನ ಎರೆ ಹೊಲಗಳು, ಕೊನೆಗೆ ಯಮನೂರಿನ ದಾವೂದಸಾಬನ ಹೊಲ. ಮುಂಗಾರು ಬಿದ್ದರೆ ಮತ್ತೆ ಕೆಂಪು ಮಣ್ಣಿನ ಮಸಾರಿ ನೆಲದ ಕಡೆ. ಇದು ಅವಳ ವರ್ಷ. ನಮ್ಮ ಎರೆ ಮಣ್ಣು ಒಣಗಿದಾಗ ತಾಯಿ, ನೆನೆದಾಗ ಮಲತಾಯಿ. ಮಳೆ ಬಿದ್ದರೆ ಕುರಿಯ ಕಾಲು ಮೊಣಕಾಲ ತನಕ ಹೂತು, ಗೊರಸಿನ ಸಂದಿಗೆ ಕೆಸರು ಕೂತು ಕೊಳೆಯುತ್ತದೆ. ಎಳೆ ಮರಿಯಾದರೆ ಎದ್ದು ನಿಲ್ಲಲಾರದೆ ಅಲ್ಲೇ ಸಾಯುತ್ತದೆ. ಅಕಾಲದ ಮಳೆಗೆ ಸಿಕ್ಕಿದ ಹಿಂಡಿಗೆ ನಮ್ಮ ಸುತ್ತಿನಲ್ಲಿ ಇದ್ದದ್ದು ಒಂದೇ ಆಸರೆ: ಕೆರೆಯ ಬಾಜೂಕಿನ ಗರಸಿನ ದಿಬ್ಬ. ಕರಿಯ ಬಯಲಿನ ನಡುವೆ ಅದೊಂದೇ ಕಲ್ಲುಮಣ್ಣಿನ ಗಟ್ಟಿ ನೆಲ. ಎಷ್ಟು ಮಳೆ ಬಂದರೂ ನೀರು ಜಾರಿ ಹೋಗುತ್ತದೆ. ಅದಕ್ಕೆ ಕುರಿದಿಬ್ಬ ಎಂದೇ ಹೆಸರು. ಅದರ ನೆತ್ತಿಯ ಬೇವಿನ ಮರ ದುರ್ಗವ್ವ ನೆಟ್ಟದ್ದು.

ಇನ್ನು ಉಡಿಯ ಮಾತು. ತರುಬು ಮುಗಿಸಿ ಹಿಂಡು ಹೊರಡುವ ದಿನ, ಹೊಲದ ಒಡತಿ ಕುರುಬರ ಹೆಣ್ಣುಮಗಳಿಗೆ ಉಡಿ ತುಂಬಿ ಕಳಿಸುತ್ತಾಳೆ. ತವರಿನಿಂದ ಹೊರಟ ಮಗಳಿಗೆ ಮಾಡುವ ಹಾಗೆಯೇ. ಇವಳು ಕಂಬಳಿಯ ಮೇಲೆ ಮೂಡಣಕ್ಕೆ ಮುಖ ಮಾಡಿ ಕೂತು, ಸೆರಗನ್ನು ಎರಡೂ ಕೈಯಲ್ಲಿ ಮಡಿಲ ಮೇಲೆ ಹರಡುತ್ತಾಳೆ. ಒಡತಿ ಜೋಳ, ಕೊಬ್ಬರಿ ಬಟ್ಟಲು, ಬೆಲ್ಲ, ಉತ್ತತ್ತಿ, ಒಂದು ರವಿಕೆಯ ಖಣ ಹಾಕುತ್ತಾಳೆ. ಹಾಕುವವಳು ಬಾಗಬೇಕು, ತುಂಬಿಸಿಕೊಳ್ಳುವವಳು ಬಾಗಬಾರದು. ಹಾಗೆ ಕೂತಾಗ ಮಗಳು ಒಂದು ಮಾತು ಕೇಳಿದರೆ ತವರು ಇಲ್ಲ ಎನ್ನಬಾರದು ಎಂಬ ಕಟ್ಟಳೆಯೂ ಇದೆ. ಕೇಳುವವರು ಕಡಿಮೆ. ಕೇಳದೆ ಇರುವುದೇ ಮಗಳ ದೊಡ್ಡತನ.

ಯಮನೂರಿನಲ್ಲಿ ದಾವೂದಸಾಬನ ಹೆಂಡತಿ ಜುಲೇಖಾಬಿ ತುಂಬುತ್ತಾಳೆ. ಅವರಿಬ್ಬರ ಮಾತು ಕೇಳಬೇಕು.

"ಎಕ್ಕಾ, ಕೊಬ್ಬರಿ ಸಣ್ಣದೈತಿ ಅಂತ ಮಾರಿ ಸಿಂಡರಸಬ್ಯಾಡ. ಇದ್ದದ್ದ ಇಷ್ಟು."

"ನಾ ಎಲ್ಲಿ ಸಿಂಡರಿಸಿದ್ನೆ? ನಿನ್ನ ಗಂಡ ಹೋದ ವರ್ಸ ಜೋಳಾ ಅಳಿಯೂಮುಂದ ಸೇರಿನಾಗ ಹೆಬ್ಬೆರಳ ಇಟ್ಟಿದ್ನಲ್ಲ, ಅದನ್ನ ನೆನಸ್ಕೊಂಡೆ."

"ಇಟ್ಟಾನು, ಇಟ್ಟಾನು. ನಿಮ್ಮ ಕುರಿ ನಮ್ಮ ಬಾಜೂ ಹೊಲದಾಗ ಹಿಕ್ಕಿ ಹಾಕಿ ನಮ್ಮ ಹೊಲದಾಗ ಬರೇ ನಿದ್ದಿ ಮಾಡಿದ್ವಲ್ಲ."

ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು. ನಮ್ಮೂರಿನಲ್ಲಿ ಉಡಿ ತುಂಬುವುದು ಅನ್ನಪೂರ್ಣಾ. ಅವಳ ಮಗಳು ಸುಧಾರಾಣಿ ಚಿಕ್ಕವಳಿದ್ದಾಗ ಕೊಬ್ಬರಿಯ ತಟ್ಟೆ ಹಿಡಿದು ಪಕ್ಕಕ್ಕೆ ನಿಲ್ಲುತ್ತಿದ್ದವಳು. ಈ ಮಾತು ನೆನಪಿರಲಿ.

ಆ ಸುಧಾರಾಣಿ ಹುಬ್ಬಳ್ಳಿಯಲ್ಲಿ ಓದಿ, ಒಂದು ದೊಡ್ಡ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಳು. ಹೋದ ವರ್ಷ ಬೇಸಿಗೆಯಲ್ಲಿ ಆ ಸಂಸ್ಥೆಯ ನಿರ್ದೇಶಕರನ್ನು ಕರೆದುಕೊಂಡು ಕುರಿದಿಬ್ಬಕ್ಕೆ ಬಂದಳು. ಮನುಷ್ಯ ಬೆಳ್ಳಗೆ, ಮೆತ್ತಗೆ, ಮಾತಿಗೆ ಮುಂಚೆ ನಗು. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಹುಟ್ಟಿದ ಹಾಗೆ. ವಲಸೆ ಹೋಗುವವರ ಬದುಕು ಸುಧಾರಿಸಲು ಅವರ ಹತ್ತಿರ ಒಂದು ಯೋಜನೆ ಇತ್ತು. ಮಾನವ ಕೇಂದ್ರಿತ ಎಂದು ಅದಕ್ಕೆ ಹೆಸರು. ಹಾಗೆಂದರೆ ಏನು ಎಂದು ನಾನು ಕೇಳಿದೆ. ಕಟ್ಟಡ, ರಸ್ತೆಗಿಂತ ಮೊದಲು ಮನುಷ್ಯನನ್ನು ಕೇಳುವುದು ಎಂದರು. ಮಾತು ಚೆನ್ನಾಗಿಯೇ ಇತ್ತು.

ಮೈಲಾರವ್ವನನ್ನು ಕೇಳಿದರು ಕೂಡ.

"ಅಮ್ಮಾ, ನಿಮ್ಮ ಬದುಕಿನಲ್ಲಿ ದೊಡ್ಡ ತೊಂದರೆ ಯಾವುದು?"

"ನನ್ನ ಸೊಸಿರಿ."

"ಅದಲ್ಲಮ್ಮಾ. ಈ ವಲಸೆಯಲ್ಲಿ?"

"ನಾವೆಲ್ಲಿ ವಲಸಿ ಹೋಗ್ತೀವ್ರಿ? ಕುರಿ ಮೇಸ್ತೀವಿ. ಅವು ಕುಂತಲ್ಲೆ ಮೇಯಂಗಿಲ್ಲ."

"ಒಂದು ಕಡೆ ನೆಲೆ ನಿಲ್ಲಬೇಕು ಅಂತ ಆಸೆ ಇಲ್ವಾ?"

"ಕುಬಿಹಾಳದಾಗ ಮನಿ ಐತ್ರಿ. ದಾರಿಗುಂಟ ತವರಮನಿ ಅದಾವು. ಇನ್ನೆಷ್ಟ ನೆಲಿ ಬೇಕ್ರಿ? ನೀವು ಏನರ ಮಾಡೂದಿದ್ರ ಈ ದಿಬ್ಬ ಹಿಂಗ ಇರೂ ಹಂಗ ನೋಡ್ಕೋರಿ. ಹೋದ ಹೋದಲ್ಲಿ ಬೇಲಿ ಬೀಳಾಕ ಹತ್ಯಾವು. ಮಳಿ ಬಂದ್ರ ನಮಗ ಇದೊಂದ."

ನಿರ್ದೇಶಕರು ತಲೆ ಆಡಿಸಿದರು. ದಿಬ್ಬದ ಸುತ್ತ ಒಂದು ಸುತ್ತು ಹಾಕಿ, ಬೂಟಿನಿಂದ ನೆಲ ಒದ್ದು ನೋಡಿದರು. ನೆಲ ಗಟ್ಟಿಯಾಗಿತ್ತು.

ಎರೆ ಭೂಮಿಯಲ್ಲಿ ಮನೆ ಕಟ್ಟಿದವರಿಗೆ ಗೊತ್ತು, ಬುನಾದಿ ಎಷ್ಟು ಆಳ ತೋಡಿದರೂ ಗೋಡೆ ಬಿರಿಯುತ್ತದೆ. ಗರಸಿನ ಮೇಲೆ ಆ ಕಾಟವಿಲ್ಲ. ಮುಂಗಾರಿಗೆ ಹಿಂಡುಗಳೆಲ್ಲ ಮಸಾರಿಗೆ ಹೋದ ಮೇಲೆ ಪಂಚಾಯಿತಿಯಲ್ಲಿ ಠರಾವು ಆಯಿತು. ಕುರಿದಿಬ್ಬವನ್ನು ಸಂಸ್ಥೆಗೆ ಕೊಟ್ಟರು. "ಅದು ಖಾಲೀನ ಬಿದ್ದೈತಿ" ಎಂದ ಒಬ್ಬ ಮೆಂಬರ. ಅವನ ಅಪ್ಪನ ಹೊಲಕ್ಕೂ ಹಾಲಪ್ಪ ಪುಕ್ಕಟೆ ಗೊಬ್ಬರ ಹಾಕಿದ್ದ. ಆ ಗೊಬ್ಬರದಲ್ಲಿ ಬೆಳೆದ ಜೋಳ ಉಂಡು ಬೆಳೆದ ಬಾಯಿ ಅದು. ಆ ಬಾಯಿ ನೋಡಲು ನನಗೆ ಹೇಸಿಗೆಯಾಯಿತು. ಎದ್ದು ನಾಲ್ಕು ಮಾತು ಆಡಿದ ನನ್ನಂಥ ಮುದುಕರಿಗೆ "ಅಜ್ಜಾ, ಕುರಿ ಕಾಯೂ ಕಾಲ ಮುಗೀತು" ಎಂಬ ಉತ್ತರ ಸಿಕ್ಕಿತು.

ದುರ್ಗವ್ವನ ಬೇವನ್ನು ಯಂತ್ರದಿಂದ ಕೊಯ್ದರು. ಅದರ ಬುಡ ಇದ್ದಲ್ಲಿಗೆ ಕಮಾನು ಬಂತು. ಕಮಾನಿನ ಮೇಲೆ ಚಿತ್ರ, ಗಂಡಸೊಬ್ಬ, ಹೆಂಗಸೊಬ್ಬಳು, ನಡುವೆ ಒಂದು ಕುರಿಮರಿ. ಸುತ್ತ ಆಳೆತ್ತರದ ಗೋಡೆ, ಕಬ್ಬಿಣದ ಗೇಟು, ಒಳಗೆ ಆರಾಮಾಗಿ ಜಾರಿ ಬೀಳುವಂಥ ನುಣುಪಿನ ಹಾಸುಗಲ್ಲು. ಪಾಯಖಾನೆಯ ಗುಂಡಿಯನ್ನು ಕೆರೆಯ ಕಡೆಗೇ ತೋಡಿದರು. ವಲಸಿಗರ ಆಸರೆ ಕೇಂದ್ರ ಎಂದು ಬೋರ್ಡು.

ಸಂಕ್ರಾಂತಿ ಕಳೆದ ಮೇಲೆ ಅದರ ಉದ್ಘಾಟನೆ. ಮೈಲಾರವ್ವನ ಹಿಂಡು ಆಗ ಕುಂದಗೋಳದ ಕಡೆ ಇತ್ತು. ಗೋಡೆ ಎದ್ದ ಸುದ್ದಿ ಅವಳಿಗೆ ಮುಟ್ಟಿ, ಊಟ ಸೇರದೆ ಕೂತಿದ್ದಳಂತೆ. ಅಷ್ಟರಲ್ಲಿ ಸುಧಾರಾಣಿ ಬೀರೇಶನ ಫೋನಿಗೆ ಹೇಳಿದಳು, ಮೈಲಾರವ್ವ ಆಯಿಯನ್ನು ಜೀಪಿನಲ್ಲಿ ಕರೆಸುತ್ತೇವೆ, ಊರ ಮುಂದೆ ಸೀರೆ ಕೊಟ್ಟು ಗೌರವ ಮಾಡುತ್ತೇವೆ ಎಂದು.

ಆಗ ಅವಳು ಗಂಡನಿಗೆ ಹೇಳಿದ ಮಾತನ್ನು ಬೀರೇಶನೇ ನನಗೆ ಹೇಳಿದ. "ತವರು ಕರದೈತಿ. ಉಡಿ ತುಂಬತಾರ. ನಾ ಇಷ್ಟ ವರ್ಸ ಬಾಯಿ ಬಿಟ್ಟ ಒಂದು ಕೇಳಿಲ್ಲ. ಈ ಸಲ ದಿಬ್ಬ ಕೇಳ್ತೀನಿ. ಕುಂತ ಮಗಳಿಗೆ ಇಲ್ಲ ಅನ್ನಾಕ ಅವರಿಗೆ ಬರಂಗಿಲ್ಲ."

ಬೀರಲಿಂಗಪ್ಪ ಅಪರೂಪಕ್ಕೆ ಬಾಯಿ ಬಿಟ್ಟ. "ಜೀಪಿನಾಗ ಕರಸವ್ರು ತವರವ್ರಲ್ಲ" ಎಂದ.

"ನಿನಗೇನ ತಿಳಿತೈತಿ, ಕುರಿ ಹೊಡಕೊಂಡ ನಡಿ" ಎಂದು ಅವಳು ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು ಬಂದಳು.

ಪೆಂಡಾಲು, ಕುರ್ಚಿ, ಮೈಕು. ಮುಂದಿನ ಸಾಲಿನಲ್ಲಿ ಹೊರಗಿನಿಂದ ಬಂದ ದೊಡ್ಡ ಮಂದಿ, ಅವರ ಮುಂದೆ ಗೋಡಂಬಿ ತುಂಬಿದ ತಟ್ಟೆಗಳು. ಕುರುಬರನ್ನು ಹಿಂದೆ ನೆಲಕ್ಕೆ ಹಾಸಿದ ತಾಡಪತ್ರಿಯ ಮೇಲೆ ಕೂರಿಸಿದ್ದರು. ಭಾಷಣಗಳಲ್ಲಿ ಮನುಷ್ಯ ಮನುಷ್ಯ ಎಂಬ ಶಬ್ದ ನೊಣದ ಹಾಗೆ ಗುಂಯ್ ಎನ್ನುತ್ತಿತ್ತು. ಆಮೇಲೆ ಮೈಲಾರವ್ವನ ಹೆಸರು ಕೂಗಿದರು.

ಅವಳು ವೇದಿಕೆ ಹತ್ತಿದಳು. ಮೂಡಣ ಯಾವ ಕಡೆ ಎಂದು ನೋಡಿದಳು. ಹೆಗಲ ಮೇಲಿನ ಕಂಬಳಿ ತೆಗೆದು ಹಾಸಿ, ಅದರ ಮೇಲೆ ಕೂತು, ಸೆರಗನ್ನು ಎರಡೂ ಕೈಯಲ್ಲಿ ಮಡಿಲ ಮೇಲೆ ಹರಡಿದಳು. ನೆಟ್ಟಗೆ ಕೂತಿದ್ದಳು. ನಮ್ಮ ಹಿರಿಯ ಹೆಂಗಸರು ಅದನ್ನು ನೋಡಿ ಸೆರಗು ತಲೆಗೆ ಎಳೆದುಕೊಂಡರು. ಅವರಿಗೆ ತಿಳಿಯಿತು.

ಮುಂದಿನ ಸಾಲಿನವರು ನಕ್ಕರು. ಒಬ್ಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿರ್ದೇಶಕರು "ಅಯ್ಯೋ, ಏಳಿ ಅಮ್ಮಾ, ಬೇಡಬೇಕಾಗಿಲ್ಲ, ಇದು ನಿಮ್ಮ ಹಕ್ಕು" ಎಂದು ಮೈಕಿನಲ್ಲೇ ಹೇಳಿದರು. ಚಪ್ಪಾಳೆ ಬಿತ್ತು. ಫೋಟೋದವನು ಮಂಡಿಯೂರಿ, ಮೇಲೆ ನೋಡುತ್ತಿದ್ದ ಅವಳ ಮುಖವನ್ನೂ ಹರಡಿದ ಸೆರಗನ್ನೂ ಸೇರಿಸಿ ಟಕಟಕ ತೆಗೆದ. ಸುಧಾರಾಣಿ ವೇದಿಕೆಯ ಮೇಲೆಯೇ ಇದ್ದಳು, ಕೊಡಬೇಕಾದ ಸಾಮಾನಿನ ತಟ್ಟೆ ಹಿಡಿದುಕೊಂಡು. ಚಿಕ್ಕವಳಿದ್ದಾಗ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದಳು. ಇದು ಬೇಡುವುದಲ್ಲ, ಉಡಿ ಎಂದು ಒಂದು ಮಾತು ಆಡಲಿಲ್ಲ. ತಲೆ ತಗ್ಗಿಸಿದಳು.

ನಿರ್ದೇಶಕರು ಬಾಗಲಿಲ್ಲ. ನಿಂತಲ್ಲಿಂದಲೇ ಒಂದು ಪ್ಲಾಸ್ಟಿಕ್ ಚೀಲವನ್ನು ಅವಳ ಮಡಿಲಿಗೆ ಬಿಟ್ಟರು. ಒಳಗೆ ಸೀರೆ, ಕೊಡೆ, ಟಾರ್ಚು, ಬಿಸ್ಕೀಟಿನ ಪುಡಿಕೆ.

ಮೈಲಾರವ್ವ ಚೀಲದ ಕಡೆ ನೋಡಲಿಲ್ಲ. "ಸಾಹೇಬ್ರ, ನನ್ನದೊಂದು ಮಾತೈತಿ. ಈ ದಿಬ್ಬ..." ಎಂದಳು. ಅಷ್ಟರಲ್ಲಿ ನಿರೂಪಣೆಯ ಹುಡುಗಿ, ಸಮಯದ ಅಭಾವ ಇರುವುದರಿಂದ ಮುಂದಿನ ಕಾರ್ಯಕ್ರಮ ಎಂದು ಮೈಕು ಎಳೆದುಕೊಂಡಳು. ಇಬ್ಬರು ಹುಡುಗರು ಮೈಲಾರವ್ವನ ರಟ್ಟೆ ಹಿಡಿದು ಎಬ್ಬಿಸಿದರು. ಚೀಲ ಮಡಿಲಿನಿಂದ ಜಾರಿ ಬಿತ್ತು. ಅವಳು ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡು, ಚೀಲ ಅಲ್ಲೇ ಬಿಟ್ಟು ಇಳಿದಳು. ಅನ್ನಪೂರ್ಣಾ ಓಡಿ ಬಂದು ಕೈ ಹಿಡಿದರೆ ಕೊಸರಿಕೊಂಡಳು. ಜೀಪು ಹತ್ತಲಿಲ್ಲ. ನಡೆದೇ ಹೋದಳು.

ಉಳಿದ ಊರು ಊಟಕ್ಕೆ ಕೂತಿತು. ಅವತ್ತಿನ ಎಲುಬು, ಎಂಜಲೆಲೆ, ಪ್ಲಾಸ್ಟಿಕ್ ಲೋಟಗಳನ್ನು ಕೆರೆಗೆ ತಳ್ಳಿದರು. ರೇವಪ್ಪನ ಕುರಿಗಳು ತುಳಿದು ಗಟ್ಟಿ ಮಾಡಿದ ಒಡ್ಡಿಗೆ ಎಣ್ಣೆಯ ಕೆನೆ ಕಟ್ಟಿದ ನೀರು ಬಡಿಯುತ್ತಿತ್ತು. ನಾಯಿಗಳು ಕೂಡ ಮೂಸಿ ನೋಡಿ ತಿರುಗಿ ಹೋದವು.

ಆಮೇಲೆ ಆ ಕೇಂದ್ರಕ್ಕೆ ಯಾವ ವಲಸಿಗನೂ ಬರಲಿಲ್ಲ. ಠರಾವಿಗೆ ಕೈ ಎತ್ತಿದವರು ಹಿಂದಿನ ಖೋಲಿಯಲ್ಲಿ ಇಸ್ಪೀಟು ಆಡತೊಡಗಿದರು. ಗೋಡೆಯ ಮೂಲೆಗಳೆಲ್ಲ ಗುಟ್ಕಾದ ಕೆಂಪು.

ಹಲಗೆ ಬಂದದ್ದು ಶಿವರಾತ್ರಿಯ ಹೊತ್ತಿಗೆ. ಅಣ್ಣಿಗೇರಿಗೆ ಕಡಲೆ ಮಾರಲು ಹೊರಟಿದ್ದ ದಾವೂದಸಾಬ ಟ್ರ್ಯಾಕ್ಟರ್ ನಿಲ್ಲಿಸಿ, ನೇರ ನಮ್ಮ ಮನೆಗೆ ಬಂದ. "ಕಾಕಾ, ಜರಾ ಬರ್ರಿ. ನನಗ ಓದಾಕ ಬರಂಗಿಲ್ಲ. ನಮ್ಮಕ್ಕನ ಫೋಟೋದ ಕೆಳಗ ಏನ ಬರದಾರ ಓದಿ ಹೇಳ್ರಿ" ಎಂದ.

ಕ್ರಾಸಿನಲ್ಲಿ ಹಲಗೆ ನಿಂತಿತ್ತು. ಮೈಲಾರವ್ವನ ಮುಖ, ಹರಡಿದ ಸೆರಗು. ಆ ನೆಟ್ಟನೆಯ ಬೆನ್ನನ್ನು ಕತ್ತರಿಸಿ ಬಿಟ್ಟಿದ್ದರು. ಕೆಳಗೆ ಬರೆದದ್ದನ್ನು ಓದಿ ಹೇಳಿದೆ: "ಬೇಡುವ ಕೈಗಳಿಗೆ ಬದುಕು ಕೊಡೋಣ."

ದಾವೂದಸಾಬ ಹಲಗೆಯ ಕಡೆ ಬೆರಳು ಮಾಡಿದ. "ಇಕಿ ನಮ್ಮ ಮನ್ಯಾಗ ಸೇರಿನಾಗಿನ ನನ್ನ ಹೆಬ್ಬೆರಳ ಸೈತ ತಗಸಿದಾಕಿ. ಇಕಿ ಬೇಡ್ತಾಳಂತ?" ಎಂದ. ಆಮೇಲೆ ಹಲಗೆಯ ಕಂಬಕ್ಕೆ ಉಗುಳಿ ಟ್ರ್ಯಾಕ್ಟರ್ ಹತ್ತಿದ.

ಹಲಗೆಯ ವಿಷ ದಾರಿಗುಂಟ ಹರಡಿತು. ಸಂತೆಯಲ್ಲಿ ಯಾರೋ ಬೀರೇಶನಿಗೆ "ಏನಲೇ, ನಿಮ್ಮವ್ವ ಅಗದಿ ಜೋರ್ ದಂಧೆ ಹಚ್ಯಾಳಲ್ಲ" ಎಂದರಂತೆ. ಒಂದೂರಲ್ಲಿ ತರುಬು ಮುಗಿದ ಮೇಲೆ ಹೊಲದವ ಜೋಳವನ್ನು ಅಳೆದು ಕೊಡದೆ, ನಿನಗೆಷ್ಟು ಬೇಕೋ ತಗೋ ಬೇ ಎಂದು ಚೀಲದಿಂದ ಮುಷ್ಟಿಯಲ್ಲಿ ತೆಗೆದು ಸುರಿದನಂತೆ. ಮೈಲಾರವ್ವ ಆ ಕಾಳನ್ನು ಕುದುರೆಗೆ ತಿನ್ನಿಸಿ, ಮುಂದಿನ ಊರಿಗೆ ಹೊಡೆದುಕೊಂಡು ಹೋದಳು.

ಯುಗಾದಿ ಹತ್ತಿರ ಬಂದಾಗ ಹಿಂಡು ನಮ್ಮೂರ ಹತ್ತಿರ ಬಂತು. ಆ ಮಧ್ಯಾಹ್ನ ಬಡಗಣದಿಂದ ಮೋಡ ಕಪ್ಪಾಗಿ ಏರಿತು. ಮೊದಲು ಧೂಳು, ಆಮೇಲೆ ಆಲಿಕಲ್ಲು, ಆಮೇಲೆ ಮಳೆ. ಕುರಿಗಳು ಯಾರೂ ಹೇಳದೆ ದಿಬ್ಬದ ಕಡೆ ಓಡಿದವು. ತಲೆಮಾರಿನಿಂದ ಓಡಿದ ದಾರಿ ಅದು. ಗೋಡೆಗೆ ಬಡಿದು, ತಿರುಗಿ, ಗೇಟಿಗೆ ಒತ್ತಿ ನಿಂತವು.

ಗೇಟಿನ ಒಳಗೆ ಕಾವಲಿನ ಯಲ್ಲೇಶ ನಮ್ಮೂರವನೇ. ನಾವು ಕೆಲವರು ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡು ಓಡಿ ಹೋಗುವಷ್ಟರಲ್ಲಿ ಮೈಲಾರವ್ವ ಗೇಟಿನ ಸರಳು ಹಿಡಿದು ನಿಂತಿದ್ದಳು.

"ಕೀಲಿ ತಗಿಯೋ ಯಲ್ಲೇಶ. ಮರಿ ಮುಳಗಾಕ ಹತ್ಯಾವು."

"ನೀವು ಬರ್ರಿ ಆಯಿ, ಅಜ್ಜನೂ ಬರ್ಲಿ. ಒಳಗ ಮಲಗಾಕ ಕಾಟ್ ಅದಾವು, ಫ್ಯಾನ ಐತಿ. ಕುರಿ ಬಿಡಂಗಿಲ್ರಿ."

"ಯಾಕೋ?"

"ಇದು ಮನಷ್ಯಾರ ಸಲುವಾಗಿ ಮಾಡಿದ್ದು. ನೆಲಾ ಹೊಲಸಾತಂದ್ರ ನನ್ನ ನೌಕರಿ ಹೊಕ್ಕೈತ್ರಿ."

ಒಳಗಿನ ಖೋಲಿಯಿಂದ ಇಸ್ಪೀಟಿನವರ ನಗು ಕೇಳುತ್ತಿತ್ತು. ಮೈಲಾರವ್ವ ಹಿಂದೆ ನೋಡಿದಳು. ಬೀರಲಿಂಗಪ್ಪ ಕಂಬಳಿಯನ್ನು ಮರಿಗಳ ಮೇಲೆ ಹಿಡಿದು ನಿಂತಿದ್ದ. ಬೀರೇಶ ಕೆಸರಲ್ಲಿ ಕುಸಿದ ಒಂದೊಂದನ್ನೇ ಎತ್ತಿ ಗೋಡೆಯ ಅಂಚಿಗೆ ಇಡುತ್ತಿದ್ದ.

"ಕುರಿ ಬಿಟ್ಟ ಬರೂ ಮನಷ್ಯಾರು ಬ್ಯಾರೇದವ್ರು ಅದಾರ. ಅವ್ರನ್ನ ಕರಕೋ" ಎಂದು ಅವಳು ಗೇಟು ಬಿಟ್ಟು ಹಿಂಡಿನೊಳಗೆ ಇಳಿದಳು. ಯಲ್ಲೇಶ ನಿರ್ದೇಶಕರಿಗೆ ಫೋನು ಮಾಡಿದ. ಮೀಟಿಂಗಿನಲ್ಲಿದ್ದಾರೆ ಎಂದು ಉತ್ತರ ಬಂತು. ನಾವು ಕಲ್ಲು ತಂದು ಕೀಲಿ ಒಡೆಯುವಷ್ಟರಲ್ಲಿ ಮಳೆಯೇ ನಿಂತಿತ್ತು. ಆಗ ಒಡೆದು ಬಂದದ್ದಾದರೂ ಏನು?

ಸತ್ತ ಮರಿಗಳು ಗೋಡೆಯ ಬುಡಕ್ಕೆ, ಒಂದರ ಮೇಲೊಂದು, ಒದ್ದೆ ಅರಿವೆಯ ಗಂಟಿನ ಹಾಗೆ ಬಿದ್ದಿದ್ದವು. ತಾಯಿಗಳು ಮೂಸುತ್ತ, ಒದರುತ್ತ ಬಿಟ್ಟು ಕದಲಲಿಲ್ಲ. ಕಮಾನಿನ ಚಿತ್ರದ ಮರಿ ಮಾತ್ರ ಮಳೆಗೆ ತೊಳೆದು ಬೆಳ್ಳಗೆ ಹೊಳೆಯುತ್ತಿತ್ತು.  ಪಾಯಖಾನೆಯ ಗುಂಡಿ ತುಂಬಿ ಕೆರೆಗೆ ಇಳಿಯುತ್ತಿತ್ತು. ಆ ನಾತ ಮೂರು ದಿನ ಊರಿನಲ್ಲಿ ನಿಂತಿತು. ಇರಲಿ. ನಮಗೆ ಆ ನಾತವೇ ತಕ್ಕದ್ದು.

ಬದುಕಿದವುಗಳ ಗೊರಸು ಆರುವ ತನಕ ಹಿಂಡು ಮುಂದೆ ಹೋಗುವಂತಿರಲಿಲ್ಲ. ಸಣ್ಣ ಹಾದಿಯ ಅಂಚಿನಲ್ಲಿ ಬಿಡಾರ ಹಾಕಿ, ಅವಳೂ ಸೊಸೆಯೂ ಗೊರಸಿನ ಸಂದಿಯ ಕೆಸರು ಕಡ್ಡಿಯಿಂದ ತೆಗೆದು, ಬೇವಿನ ಎಣ್ಣೆ ಹಚ್ಚುತ್ತ ಕೂತಿದ್ದರು. ಅಲ್ಲಿಗೆ ಸುಧಾರಾಣಿ ಬಂದಳು. ಜೀಪು ದೂರ ನಿಲ್ಲಿಸಿ ನಡೆದು ಬಂದಳು. ನಿರ್ದೇಶಕರು ಬರಲಿಲ್ಲ, ಮಾತು ಕಳಿಸಿದ್ದರು.

"ಆಯಿ, ಸತ್ತ ಮರಿಗೆ ರೊಕ್ಕ ಕೊಡ್ತಾರಂತ. ಕೇಂದ್ರದಾಗ ನಿನಗ ಅಜ್ಜಗ ಒಂದು ಖೋಲಿ. ಅಡಗಿ ಮಾಡೂ ಕೆಲಸ, ತಿಂಗಳಾ ಪಗಾರ. ಇನ್ನ ನೀ ಅಡ್ಡಾಡೂದು ಬ್ಯಾಡ."

"ನಾ ಮಾಡಿದ ಅಡಗಿ ನನ್ನ ಸೊಸಿನ ಉಣ್ಣಂಗಿಲ್ಲ" ಎಂದಳು ಮೈಲಾರವ್ವ, ಗೊರಸಿನಿಂದ ಕಣ್ಣೆತ್ತದೆ. "ಯಾರಿಗೆ ಮಾಡ್ಲಿ? ಇಸ್ಪೀಟಿನವ್ರಿಗೆ?"

ಸೊಸೆ ಮುಖ ಆಚೆ ತಿರುಗಿಸಿ ನಕ್ಕಳು. ಸುಧಾರಾಣಿಗೆ ನಗು ಬರಲಿಲ್ಲ. ಕೈಚೀಲದಿಂದ ಕೊಬ್ಬರಿ ಬಟ್ಟಲು, ಬೆಲ್ಲ, ಒಂದು ಖಣ ತೆಗೆದು ಮುಂದಿಟ್ಟಳು. "ಆ ಹಲಗಿ ನಾ ತಗಸ್ತೀನಿ. ಅವತ್ತ ನಾ ಬಾಯಿ ಬಿಡಲಿಲ್ಲ, ಖರೆ. ಈಗ ನಾನ ಉಡಿ ತುಂಬತೀನಿ. ಕುಂದ್ರು. ನೀ ಏನ ಕೇಳಿದ್ರೂ ಹೂಂ ಅಂತೀನಿ."

"ದಿಬ್ಬ ಕೇಳಿದ್ರ?"

"ಅದು ನನ್ನ ಕೈಯಾಗ ಇಲ್ಲ ಆಯಿ" ಎಂದಳು ಹುಡುಗಿ.

ಮೈಲಾರವ್ವ ಕುರಿಯ ಕಾಲು ಬಿಟ್ಟಳು. ಅದು ಕುಂಟುತ್ತ ಹಿಂಡಿಗೆ ಸೇರಿತು. ಅವಳು ಕೈಯ ಎಣ್ಣೆಯನ್ನು ಹುಲ್ಲಿಗೆ ಒರೆಸಿ, ಕೊಬ್ಬರಿ ಬೆಲ್ಲಗಳನ್ನು ಖಣದಲ್ಲೇ ಗಂಟು ಕಟ್ಟಿ, ಹುಡುಗಿಯ ಕೈಗೆ ತಿರುಗಿ ಕೊಟ್ಟಳು.

"ಒಯ್ಯಿ ನನ ಮಗಳ, ನಿಮ್ಮವ್ವಗ ಕೊಡು. ಆಕಿ ಮ್ಯಾಲೆ ನನಗ ಸಿಟ್ಟಿಲ್ಲ. ನಿಮ್ಮ ಖೋಲಿ ಬ್ಯಾಡ, ಪಗಾರ ಬ್ಯಾಡ, ಮರೀ ರೊಕ್ಕ ಬ್ಯಾಡ. ಹಲಗಿ ತಗಸೂದು ನಿಮ್ಮ ಮರ್ಯಾದಿ ಮಾತು, ನನ್ನದಲ್ಲ. ನಾ ಕೇಳಿದ್ದ ಒಂದು, ಅದನ್ನ ಕೊಡಾಕ ಆಗಂಗಿಲ್ಲ ಅಂದ ಮ್ಯಾಲೆ ಉಳಿದದ್ದು ಯಾಕ ಹೊತ್ಕೊಂಡ ತಿರಗತಿ? ನಿಲ್ಲಾಕ ನೆಲ ಇರಲಾರದ ಊರು ನನಗ ತವರಲ್ಲ. ಗೇಟು ಕಿತ್ತ ದಿನ ಹೇಳಿ ಕಳಸ್ರಿ, ಬಂದ ಕುಂದರ್ತೀನಿ. ಅಲ್ಲೀ ತನಕ ನಿಮ್ಮೂರ ಉಡಿ ನನಗ ಬ್ಯಾಡ."